ಯಾವ ಲಾಖ್, ದಡವೋ ದೋಣಿಯೋ, ಯಾವ ತಿಂಗಳು: ಹೈಲ್ಯಾಂಡ್ಸ್‌ನ ಕಾಡು ಟ್ರೌಟ್‌ಗೆ ಹೊರಡುವವರಿಗೆ

ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡು, ಅಂದರೆ ಹೈಲ್ಯಾಂಡ್ಸ್‌ನ ಇನ್ವರ್ನೆಸ್‌ನಲ್ಲಿರುವ ನಮ್ಮ ಮನೆಗೆ ಬರುವ ಗೆಳೆಯರಲ್ಲಿ ಮೀನು ಹಿಡಿಯುವ ಆಸೆ ಇರುವವರು ಮೊದಲು ಕೇಳುವುದು ರಾಡಿನ ವಿಚಾರ. ಎಷ್ಟು ಅಡಿಯದು ಬೇಕು, ರೀಲಿಗೆ ಎಷ್ಟು ದುಡ್ಡು ಹಾಕಬೇಕು, ಹೀಗೆ. ಅದು ಕೊನೆಗಿರಲಿ ಅನ್ನುತ್ತೇನೆ. ಮೊದಲು ನಕಾಶೆ ಬಿಡಿಸುತ್ತೇನೆ.

ಆರ್ಡ್ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ಸರಣಿಯ 15ನೇ ಹಾಳೆ. ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಅಸಿಂಟ್ ಸೀಮೆ ಅದರಲ್ಲಿದೆ. ಲಾಖಿನ್ವರ್ ಊರಿನಿಂದ ಒಳಕ್ಕೆ ಬೆರಳಾಡಿಸಿದರೆ ಎಲ್ಲಿ ನೋಡಿದರೂ ನೀಲಿ ಚುಕ್ಕೆ, ಯಾರೋ ಶಾಯಿ ಪೆನ್ನು ಕೊಡವಿದ ಹಾಗೆ. ಒಂದೊಂದೂ ಒಂದು ಲಾಖ್. ಅಲ್ಲಿನ ಗೇಲಿಕ್ ಮಾತಿನಲ್ಲಿ ಲಾಖ್ ಅಂದರೆ ಸರೋವರ, ತೀರಾ ಚಿಕ್ಕದಾದರೆ ಲಾಖನ್. ನಮ್ಮ ಕೆರೆಗಳ ಹಾಗೆ ಯಾರೂ ಕಟ್ಟೆ ಕಟ್ಟಿದ್ದಲ್ಲ. ಹಿಮನದಿಗಳು ಕಲ್ಲು ಕೆರೆದು ಬಿಟ್ಟುಹೋದ ಗುಂಡಿಗಳಲ್ಲಿ ನಿಂತ ನೀರು. ಹೆಚ್ಚಿನವುಗಳಲ್ಲಿ ಬ್ರೌನ್ ಟ್ರೌಟ್ ಇದೆ. ಈಗ ಇರುವ ಮೀನು ಅಲ್ಲೇ ಹುಟ್ಟಿ, ಅಲ್ಲಿನ ತೊರೆಯ ಜಲ್ಲಿಯಲ್ಲೇ ಮೊಟ್ಟೆಯಿಡುವ ಕಾಡು ಮೀನು. ಸಾಕಿ ತಂದು ಬಿಟ್ಟದ್ದಲ್ಲ.

ಗೇಲಿಕ್‌ನಲ್ಲಿ ಟ್ರೌಟ್‌ಗೆ ಬ್ರೆಖ್ಕ್ ಅನ್ನುತ್ತಾರೆ. ಚುಕ್ಕೆ ಚುಕ್ಕೆಯಾಗಿರುವುದು ಅಂತಲೂ ಅದೇ ಮಾತಿಗೆ ಅರ್ಥ. ನಕಾಶೆಯಲ್ಲಿ ಲಾಖಿನ ಹೆಸರಲ್ಲೇ ಈ ಪದ ಕಂಡರೆ, ಅಲ್ಲಿ ಟ್ರೌಟ್ ಇದೆ ಅಂತ ಹಿಂದಿನವರು ಹೇಳಿಟ್ಟುಹೋದ ಹಾಗೆ. ನಮ್ಮ ಕಡೆಗೂ ಇದಕ್ಕೊಂದು ನಂಟಿದೆ. ಕಾಶ್ಮೀರದ ಹೊಳೆಗಳ ಬ್ರೌನ್ ಟ್ರೌಟ್ 1900ರಲ್ಲಿ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದ ಮೊಟ್ಟೆಗಳಿಂದ ಶುರುವಾದದ್ದು.

ಇಷ್ಟೊಂದು ನೀರಿನಲ್ಲಿ ಯಾವುದಕ್ಕೆ ಹೋಗುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಬೇಕು. ಫ್ಲೈ (ಕೊಕ್ಕೆಗೆ ಗರಿ ಸುತ್ತಿ ಮಾಡಿದ ಹುಳದಂಥದ್ದು), ರಾಡ್, ದೋಣಿ ಎಲ್ಲ ಅದರ ಹಿಂದೆ ಬರುತ್ತವೆ.

ಡಿಕಾಕ್ಷನ್ ಬಣ್ಣದ ನೀರು, ಗಾಜಿನಂಥ ನೀರು

ಅಸಿಂಟ್‌ನ ಪಶ್ಚಿಮ ಭಾಗದ ನೆಲ ಬಹುಪಾಲು ಲೂವಿಸಿಯನ್ ನೈಸ್ ಅನ್ನುವ ಕಲ್ಲು. ಅದರ ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಗಟ್ಟಿ ಕಲ್ಲು, ಮಳೆಗೆ ಕರಗುವುದಿಲ್ಲ, ನೀರಿಗೆ ಏನನ್ನೂ ಕೊಡುವುದಿಲ್ಲ. ಮೇಲೆ ಪೀಟ್, ಅಂದರೆ ಸಾವಿರಾರು ವರ್ಷ ಪಾಚಿ ಗಿಡಗಳು ಅರೆಬರೆ ಕೊಳೆತು ಕೂಡಿದ ಕಪ್ಪು ಮಣ್ಣು. ಅದರೊಳಗಿಂದ ಇಳಿದು ಬಂದ ನೀರಿಗೆ ತೆಳು ಡಿಕಾಕ್ಷನ್ ಬಣ್ಣ. ಹುಳಿ ನೀರು, ಹುಳ ಕಮ್ಮಿ, ಬಸವನ ಹುಳು ಇನ್ನೂ ಕಮ್ಮಿ. ಹಾಗಾಗಿ ಮೀನು ಸಣ್ಣದು. ನೂರರಿಂದ ಇನ್ನೂರು ಗ್ರಾಂ. ಮುನ್ನೂರು ಗ್ರಾಮಿನದು ಬಂದರೆ ಆ ದಿನ ಚೆನ್ನಾಗಿತ್ತು ಅಂತ.

ಆದರೆ ಆ ಮೀನಿಗೆ ಯಾವಾಗಲೂ ಹಸಿವು. ನೀರಿನ ಮೇಲೆ ಬಿದ್ದದ್ದನ್ನು ಬಿಡುವುದಿಲ್ಲ. ಗಾಳಿ ಸರಿಯಾಗಿದ್ದರೆ ಹೊಸಬರಿಗೂ ಒಂದು ಮಧ್ಯಾಹ್ನದಲ್ಲಿ ಹತ್ತು ಮೀನು ಬರಬಹುದು.

ಅದೇ ಅಸಿಂಟ್‌ನ ಪೂರ್ವಕ್ಕೆ, ಇಂಚ್ನಡಾಂಫ್ ಹತ್ತಿರ, ನೆಲ ಬದಲಾಗುತ್ತದೆ. ಅಲ್ಲಿ ಸುಣ್ಣಕಲ್ಲಿನ ಪಟ್ಟಿ ಇದೆ. ಹೆದರ್ ಗಿಡದ ಕಂದು ಹೋಗಿ ಕಣ್ಣಿಗೆ ಹಸಿರು ಹುಲ್ಲು ಬೀಳುತ್ತದೆ. ಟ್ರಾಲಿಗಿಲ್ ಹೊಳೆ ನಡುದಾರಿಯಲ್ಲಿ ನೆಲದೊಳಗೆ ಇಳಿದು ಮಾಯವಾಗುತ್ತದೆ, ಒಣ ಪಾತ್ರದಲ್ಲಿ ಬರಿ ಕಲ್ಲು ಉಳಿಯುತ್ತದೆ. ಆ ಕಣಿವೆ ಹಿಡಿದು ಮೇಲೆ ಹತ್ತಿದರೆ ಲಾಖ್ ಮೌಲಖ್ ಕೋರಿ ಸಿಗುತ್ತದೆ. ಎಲ್ಲರೂ ಗಿಲರೂ ಲಾಖ್ ಅಂತಲೇ ಕರೆಯುತ್ತಾರೆ. ಗಿಲರೂ ಅಂದರೆ ಐರಿಷ್ ಮಾತಿನಲ್ಲಿ ಕೆಂಪು ಹುಡುಗ. ಕೆಂಪು ಚುಕ್ಕೆ ತುಂಬಿದ, ಬಸವನ ಹುಳು ತಿಂದು ಬೆಳೆಯುವ ಟ್ರೌಟ್‌ನ ಹೆಸರು ಅದು.

ಅಲ್ಲಿ ನಾನು ಇಟ್ಟುಕೊಂಡದ್ದು ಒಂದೇ ಒಂದು ಮೀನು. ಹೊಟ್ಟೆ ಸೀಳುವ ಮೊದಲು ಬೆರಳಲ್ಲಿ ಒತ್ತಿದೆ. ಒಳಗೆ ಮರಳಿನ ಚೀಲ ಒತ್ತಿದ ಹಾಗೆ ಕರಕರ ಅಂದಿತು. ಸೀಳಿದರೆ ಗೋಧಿ ಕಾಳಿನಷ್ಟು ಸಣ್ಣ ಬಸವನ ಹುಳುಗಳು, ಚಿಪ್ಪಿನ ಸಮೇತ. ಮಾಂಸ ಕಡು ಕಿತ್ತಳೆ ಬಣ್ಣ. ಎರಡು ದಿನ ಹಿಂದೆ ಹತ್ತು ಕಿಲೋಮೀಟರ್ ಪಶ್ಚಿಮದ ಪೀಟ್ ಲಾಖಿನಲ್ಲಿ ಹಿಡಿದ ಮೀನಿನ ಮಾಂಸ ಬೆಳ್ಳಗಿತ್ತು. ಒಂದೇ ಜಾತಿ, ಒಂದೇ ಮಳೆ. ಕೆಳಗಿನ ಕಲ್ಲು ಬೇರೆ, ಅಷ್ಟೇ.

ಸುಣ್ಣಕಲ್ಲಿನ ಲಾಖ್‌ಗಳಲ್ಲಿ ಹೆಸರಾದವು ಇನ್ನೂ ಉತ್ತರಕ್ಕೆ, ಡರ್ನೆಸ್‌ನಲ್ಲಿವೆ. ಕ್ಯಾಲಡೇಲ್, ಬೊರಾಲಿ, ಕ್ರೋಸ್ಪೋಲ್, ಲ್ಯಾನ್ಲಿಶ್, ಹೀಗೆ ನಾಲ್ಕು. ನೀರು ಗಾಜಿನ ಹಾಗೆ. ಬಿಸಿಲಿದ್ದರೆ ತಳದ ಬಿಳಿ ಮಣ್ಣು ಹಸಿರಾಗಿ ಹೊಳೆಯುತ್ತದೆ. ಕಿಲೋ ದಾಟಿದ ಮೀನುಗಳು ಅಲ್ಲಿವೆ. ಹಾಗಾದರೆ ಸೀದಾ ಅಲ್ಲಿಗೇ ಹೋಗಬಾರದಾ ಅಂತ ಕೇಳುತ್ತೀರಿ, ಅಲ್ವಾ? ಅಲ್ಲಿನ ಮೀನಿಗೆ ಹೊಟ್ಟೆ ತುಂಬಿದೆ. ನಿಮ್ಮ ನೆರಳು ಬಿದ್ದರೆ ಸಾಕು, ಆ ದಂಡೆ ಖಾಲಿ. ಇಡೀ ದಿನ ಬೀಸಿ ಒಂದೂ ಮುಟ್ಟದೆ ವಾಪಸ್ ಬರುವುದು ಅಲ್ಲಿ ಮಾಮೂಲು. ನಾನೂ ಎಷ್ಟೋ ಸಲ ಹಾಗೇ ಬಂದಿದ್ದೇನೆ, ಮತ್ತೆ ಹೋಗಿದ್ದೇನೆ.

ಮೂರನೆಯ ಬಗೆ ದೊಡ್ಡ ಆಳದ ಲಾಖ್‌ಗಳು. ಲಾಖ್ ಅಸಿಂಟ್ ಸುಮಾರು 10 ಕಿಲೋಮೀಟರ್ ಉದ್ದ, 86 ಮೀಟರ್ ಆಳ. ಇಂಥ ನೀರಿನಲ್ಲಿ ಫೆರಾಕ್ಸ್ ಇರುತ್ತವೆ. ಹುಳ ಬಿಟ್ಟು ಆರ್ಕ್‌ಟಿಕ್ ಚಾರ್ ಮೀನನ್ನು ತಿನ್ನಲು ಕಲಿತು ದೈತ್ಯವಾಗಿ ಬೆಳೆದ ಟ್ರೌಟ್. ಬ್ರಿಟನ್ನಿನ ದಾಖಲೆ ಮೀನು 2002ರಲ್ಲಿ ಆರ್ಗೈಲ್‌ನ ಲಾಖ್ ಆವ್‌ನಲ್ಲಿ ಸಿಕ್ಕಿದ್ದು. 14 ಕಿಲೋಗೂ ಜಾಸ್ತಿ ತೂಗಿತು. ಆದರೆ ಫೆರಾಕ್ಸ್ ಹಿಡಿಯುವುದು ಗಾಳಕ್ಕೆ ಸಿಕ್ಕಿಸಿದ ಸಣ್ಣ ಮೀನನ್ನು ದೋಣಿಯ ಹಿಂದೆ ಆಳದಲ್ಲಿ ಎಳೆದುಕೊಂಡು ಹೋಗಿ. ಫ್ಲೈಗೆ ಅದು ಸಿಗುವುದು ಅಪರೂಪದಲ್ಲಿ ಅಪರೂಪ. ಫ್ಲೈ ಹಾಕುವವರು ಈ ದೊಡ್ಡ ಲಾಖ್‌ಗಳ ಅಂಚು, ಕೊಲ್ಲಿ, ತೊರೆ ಸೇರುವ ಬಾಯಿ ಇಷ್ಟನ್ನೇ ನೋಡಿಕೊಂಡರೆ ಸಾಕು.

ನನ್ನ ಮಾತು ಇಷ್ಟು. ಮೊದಲ ಸಲ ಹೋಗುವವರು ಪೀಟ್ ನೀರಿನ ಸಣ್ಣ ಲಾಖ್‌ಗಳಿಗೇ ಹೋಗಬೇಕು. ಮೀನು ಸಣ್ಣದು ಅಂತ ಮೂಗು ಮುರಿಯಬೇಡಿ. ಮೀನು ಹೇಗೆ ಏಳುತ್ತದೆ, ಯಾವಾಗ ಕೈ ಎತ್ತಬೇಕು, ಗಾಳಿ ತಿರುಗಿದರೆ ಎಲ್ಲಿ ನಿಲ್ಲಬೇಕು, ಇದೆಲ್ಲ ಮೀನು ಮೇಲಿಂದ ಮೇಲೆ ಬರುವ ನೀರಿನಲ್ಲೇ ಕೈಗೆ ಹತ್ತುವುದು. ನಾಲ್ಕು ದಿನವಿದ್ದರೆ ಮೂರು ದಿನ ಪೀಟ್ ಲಾಖ್, ನಾಲ್ಕನೆಯ ದಿನ ಗಿಲರೂ. ಡರ್ನೆಸ್ ಇನ್ನೊಂದು ವರ್ಷಕ್ಕಿರಲಿ.

ದಡ ಅಥವಾ ದೋಣಿ

ದೋಣಿಯಲ್ಲಿ ಹಿಡಿಯುವ ಪದ್ಧತಿಗೆ ಲಾಖ್ ಸ್ಟೈಲ್ ಅಂತಲೇ ಹೆಸರು. ದೋಣಿಯನ್ನು ಗಾಳಿ ಬರುವ ತುದಿಗೆ ಹುಟ್ಟು ಹಾಕಿಕೊಂಡು ಹೋಗಿ, ಅಡ್ಡ ತಿರುಗಿಸಿ ಬಿಡುತ್ತಾರೆ. ಗಾಳಿ ಅದನ್ನು ನಿಧಾನಕ್ಕೆ ತಳ್ಳುತ್ತದೆ. ಇಬ್ಬರು ಪಕ್ಕ ಪಕ್ಕ ಕೂತು ಗಾಳಿ ಹೋಗುವ ದಿಕ್ಕಿಗೇ ಗಿಡ್ಡ ಲೈನ್ ಎಸೆದು, ಫ್ಲೈಗಳನ್ನು ಅಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಗಾಳಿ ಬೆನ್ನಿಗಿರುವುದರಿಂದ ಎಸೆಯುವುದು ಸುಲಭ. ದಡದಿಂದ ಮುಟ್ಟಲಾಗದ ಹೊಸ ನೀರು ನಿಮಿಷ ನಿಮಿಷಕ್ಕೂ ಎದುರಿಗೆ ಬರುತ್ತದೆ. ವಯಸ್ಸಾದವರಿಗೆ, ಮಂಡಿ ನೋವಿರುವವರಿಗೆ ಇದೇ ಸರಿ. ಕೇತ್ನೆಸ್ ಕಡೆಯ ಲಾಖ್ ವಾಟನ್‌ನಂಥ ಅಗಲವಾದ, ಆಳವಿಲ್ಲದ ನೀರಿನಲ್ಲಿ ನಾನೂ ದೋಣಿಯನ್ನೇ ಆರಿಸುತ್ತೇನೆ. ಗಿಲ್ಲಿ, ಅಂದರೆ ಹುಟ್ಟು ಹಾಕಿ ದಾರಿ ತೋರಿಸುವ ಊರಿನ ಮನುಷ್ಯ, ಸಿಕ್ಕಿದರೆ ಒಂದು ದಿನದಲ್ಲಿ ಒಂದು ವರ್ಷದ ಪಾಠವಾಗುತ್ತದೆ.

ಆದರೆ ದೂರದ ಲಾಖ್‌ಗಳಲ್ಲಿ ದೋಣಿ ಇರುವುದಿಲ್ಲ. ಇದ್ದರೂ ಗಾಳಿ ಜೋರಾದರೆ ಅದನ್ನು ನಂಬಿಕೊಳ್ಳುವ ಹಾಗಿಲ್ಲ. ಜೂನ್‌ನಲ್ಲೂ ಆ ನೀರು ಕೊರೆಯುತ್ತದೆ. ಲೈಫ್ ಜಾಕೆಟ್ ಇಲ್ಲದೆ ದೋಣಿಗೆ ಕಾಲಿಡಲೇಬೇಡಿ.

ದಡದ ವಿಚಾರಕ್ಕೆ ಬಂದರೆ, ಕೂತು ಕಾಯುವ ಅಭ್ಯಾಸ ಬಿಡಬೇಕಾಗುತ್ತದೆ. ಕಾವೇರಿಯಲ್ಲಿ ಗಾಳಕ್ಕೆ ರಾಗಿ ಉಂಡೆ ಸಿಕ್ಕಿಸಿ, ಮಡುವಿನ ಬಂಡೆ ಮೇಲೆ ಬಿಳಿ ಮೀನಿಗೆ ಕಾದು ಕೂತ ಹಳಬರಿದ್ದಾರೆ. ಇಲ್ಲಿ ಹಾಗಲ್ಲ. ಎರಡು ಮೂರು ಸಲ ಬೀಸಿ, ನಾಲ್ಕು ಹೆಜ್ಜೆ ಮುಂದೆ. ಮತ್ತೆ ಎರಡು ಸಲ, ಮತ್ತೆ ನಾಲ್ಕು ಹೆಜ್ಜೆ. ಮೀನು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ದಡದಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಮೊದಲ ವರ್ಷ ವೇಡರ್ಸ್, ಅಂದರೆ ನೀರು ಒಳಗೆ ಬರದ ಉದ್ದ ಬೂಟು-ಪ್ಯಾಂಟು, ತೊಟ್ಟು ಸೀದಾ ಮಂಡಿ ಮಟ್ಟದ ನೀರಿಗೆ ಇಳಿದೆ. ದೂರ ಎಸೆದಷ್ಟೂ ದೊಡ್ಡ ಮೀನು ಅಂತ ನಂಬಿದ್ದೆ. ಕಾಲ ಬುಡದಿಂದ ನೀರಿನ ಮೇಲೆ ಬಾಣದ ಗುರುತಿನ ಹಾಗೆ ಮೂರು ಗೆರೆ ಎದ್ದು ಆಳದ ಕಡೆಗೆ ಓಡಿದವು. ಮೂರೂ ಮೀನು. ನಾನು ನಿಂತ ಜಾಗದಲ್ಲೇ ಇದ್ದವು. ಈ ಲಾಖ್‌ಗಳಲ್ಲಿ ಹುಳ ಇರುವುದೇ ಅಂಚಿನ ಕಲ್ಲುಗಳ ನಡುವೆ, ಮೊಣಕಾಲು ಆಳದೊಳಗೆ. ಹೆದರ್ ಗಿಡಗಳಿಂದ ಉದುರುವ ಹುಳವೂ ಅಂಚಿಗೇ ಬೀಳುತ್ತದೆ. ಮೀನು ಊಟಕ್ಕೆ ಅಲ್ಲಿಗೇ ಬರುತ್ತದೆ. ಅಂದಿನಿಂದ ದಂಡೆಗೆ ಮೂರು ಮೀಟರ್ ಹಿಂದೆಯೇ ನಿಂತು, ಬೇಕಾದರೆ ಮಂಡಿಯೂರಿ, ಮೊದಲ ಎಸೆತ ದಂಡೆಯುದ್ದಕ್ಕೂ ಹಾಕುತ್ತೇನೆ. ವೇಡರ್ಸ್ ಮನೆಯಲ್ಲಿರುತ್ತವೆ. ಮೂರು ನಾಲ್ಕು ಕಿಲೋಮೀಟರ್ ಗುಡ್ಡ ಹತ್ತುವವರಿಗೆ ಅವು ಸುಮ್ನೆ ಭಾರ. ಗಟ್ಟಿ ಬೂಟು ಸಾಕು.

ದೂರದ ಲಾಖ್‌ಗೆ ಹೋಗುವವರಿಗೆ ದಡವೇ ಸರಿ. ಪರ್ಮಿಟ್ ಕೂಡ ದೋಣಿಗಿಂತ ಅಗ್ಗ.

ನೀರೊಳಗೋ ನೀರ ಮೇಲೋ

ಫ್ಲೈ ಅಂದರೆ ಕೊಕ್ಕೆಗೆ ಉಣ್ಣೆ, ರೇಷ್ಮೆ, ಹುಂಜದ ಕತ್ತಿನ ಗರಿ ಸುತ್ತಿ ಹುಳದ ಹಾಗೆ ಮಾಡಿದ್ದು. ಅದಕ್ಕೆ ತೂಕವೇ ಇಲ್ಲ. ಎಸೆಯುವುದು ದಪ್ಪನೆಯ ಲೈನನ್ನು, ಫ್ಲೈ ಅದರ ಹಿಂದೆ ಹೋಗುತ್ತದೆ.

ಹೈಲ್ಯಾಂಡ್ಸ್‌ನ ಹಳೆ ಪದ್ಧತಿ ವೆಟ್ ಫ್ಲೈ. ಒಂದೇ ಲೀಡರ್‌ಗೆ, ಅಂದರೆ ಲೈನಿನ ತುದಿಯ ತೆಳು ನೂಲಿಗೆ, ಮೂರು ಫ್ಲೈ ಕಟ್ಟಿ, ನೀರಿನ ಮೇಲ್ಪದರದಲ್ಲೇ ಎಳೆಯುವುದು. ಲೈನಿಗೆ ಹತ್ತಿರದ ಫ್ಲೈಗೆ ಬಾಬ್ ಫ್ಲೈ ಅನ್ನುತ್ತಾರೆ. ಅದು ಪೊದೆಯ ಹಾಗಿರಬೇಕು, ಎಳೆದಾಗ ನೀರಿನ ಮೇಲೆ ಸಣ್ಣ ಗೀರು ಬಿಡಬೇಕು. ಎಸೆತದ ಕೊನೆಗೆ ರಾಡನ್ನು ನಿಧಾನಕ್ಕೆ ಎತ್ತಿ ಬಾಬ್ ಫ್ಲೈ ಅಲೆಯ ತಲೆಯ ಮೇಲೆ ಕುಣಿಯುವ ಹಾಗೆ ಒಂದೆರಡು ಕ್ಷಣ ಹಿಡಿಯಿರಿ. ಹಿಂದೆಯೇ ಬಂದ ಮೀನು ಬಾಯಿ ಹಾಕುವುದು ಹೆಚ್ಚಾಗಿ ಆಗಲೇ. ಹೊಸಬರು ಅಷ್ಟರಲ್ಲಿ ಲೈನ್ ಎತ್ತಿ ಮುಂದಿನ ಎಸೆತಕ್ಕೆ ಹೋಗಿಬಿಟ್ಟಿರುತ್ತಾರೆ.

ಹೆಸರುಗಳು ಬೇಕಾದಷ್ಟಿವೆ. ಕೇಟ್ ಮೆಕ್ಲಾರನ್, ಬ್ಲ್ಯಾಕ್ ಪೆನೆಲ್, ಸೋಲ್ಜರ್ ಪಾಮರ್, ಬಿಬಿಯೋ, ಜುಲು, ಇನ್‌ವಿಕ್ಟಾ. ಪೆಟ್ಟಿಗೆ ತುಂಬ ಕೊಳ್ಳಬೇಡಿ. ಪೀಟ್ ನೀರಿಗೆ ಒಂದು ಕಪ್ಪು, ಒಂದು ಕಂದು, ಅದರಲ್ಲಿ ಎಲ್ಲಾದರೂ ಒಂದು ಚೂರು ಕೆಂಪು ಇದ್ದರೆ ಆಯಿತು. 10ರಿಂದ 14ರ ಅಳತೆ. ಮೂರರ ಬದಲು ಎರಡೇ ಕಟ್ಟಿ. ಗಾಳಿಯಲ್ಲಿ ಮೂರು ಫ್ಲೈ ಗಂಟುಬಿದ್ದರೆ ಬಿಡಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಡ್ರೈ ಫ್ಲೈ ಅಂದರೆ ಒಂದೇ ಫ್ಲೈ, ನೀರಿನ ಮೇಲೆ ತೇಲಬೇಕು, ಎಳೆಯಬಾರದು. ಗಾಳಿ ಬಿದ್ದು ನೀರು ಕನ್ನಡಿಯಾದಾಗ ಇದೇ ಗತಿ. ಸಂಜೆ ಮೀನುಗಳು ಮೇಲೆ ಬಂದು ಬಾಯಿ ಮುಟ್ಟಿಸಿ ಉಂಗುರ ಬಿಡುತ್ತವೆ. ಒಂದು ಉಂಗುರ, ಅದರ ಮುಂದೆ ಇನ್ನೊಂದು, ಆಮೇಲೆ ಮತ್ತೊಂದು. ಮೀನು ಯಾವ ಕಡೆ ಹೊರಟಿದೆ ಅಂತ ಆ ಸಾಲು ನೋಡಿದರೆ ಗೊತ್ತಾಗುತ್ತದೆ. ಒಂದು ಮೀಟರ್ ಮುಂದಕ್ಕೆ ಫ್ಲೈ ಇಳಿಸಿ ಸುಮ್ಮನಿರಬೇಕು. ಫ್ಲೈ ಮಾಯವಾಯಿತು ಅಂತ ತಕ್ಷಣ ಎಳೆದರೆ ಬರಿಗೈ. ಮೀನು ತಲೆ ಕೆಳಗೆ ಮಾಡುವಷ್ಟು ಹೊತ್ತು ಕೊಟ್ಟು ಆಮೇಲೆ ರಾಡ್ ಎತ್ತಬೇಕು. ವೆಟ್ ಫ್ಲೈಯಲ್ಲಿ ತಟ್ಟನೆ ಎತ್ತಿ ರೂಢಿಯಾದ ಕೈಗೆ ಈ ಕಾಯುವಿಕೆ ಕಷ್ಟ. ಸುಣ್ಣಕಲ್ಲಿನ ಲಾಖ್‌ಗಳಿಗೆ ಡ್ರೈ ಫ್ಲೈ ಕಲಿಯದೆ ವಿಧಿಯಿಲ್ಲ. ಪೀಟ್ ಲಾಖ್‌ಗಳಲ್ಲಿ ಹತ್ತರಲ್ಲಿ ಎಂಟು ಸಲ ವೆಟ್ ಫ್ಲೈ ಸಾಕು.

ಡ್ಯಾಪಿಂಗ್ ಅಂತ ಇನ್ನೊಂದಿದೆ. ಉದ್ದನೆಯ ರಾಡಿಗೆ ಹಗುರ ನೂಲು ಕಟ್ಟಿ, ದೋಣಿಯಿಂದ ಗಾಳಿಗೇ ಬಿಟ್ಟು, ದೊಡ್ಡ ಫ್ಲೈಯನ್ನು ಅಲೆಯ ಮೇಲೆ ಕುಪ್ಪಳಿಸುವುದು. ನೋಡಲು ಸೊಗಸು. ಗುಡ್ಡ ಹತ್ತಿ ಹೋಗುವವರಿಗೆ ಬೇಡ.

ಮೇ ಕೊನೆಯೋ, ಸೆಪ್ಟೆಂಬರೋ

ಕಾನೂನಿನ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಬ್ರೌನ್ ಟ್ರೌಟ್ ಹಿಡಿಯುವ ಕಾಲ ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಗುಡ್ಡದ ಮೇಲಿನ ಲಾಖ್‌ಗಳು ಇನ್ನೂ ಚಳಿಗಾಲದಲ್ಲೇ ಇರುತ್ತವೆ. ಮೀನು ಬಡಕಲು, ತಳ ಬಿಟ್ಟು ಏಳುವುದಿಲ್ಲ.

ಮೇ 20ರಿಂದ ಜೂನ್ ಕೊನೆಯವರೆಗೆ ನನ್ನ ಆಯ್ಕೆ. ನೀರು ಬೆಚ್ಚಗಾಗಿ ಹುಳ ಏಳುತ್ತದೆ, ಚಳಿಗಾಲ ಕಳೆದ ಮೀನು ಹಸಿದು ಅಂಚಿಗೆ ಬರುತ್ತದೆ. ಹಗಲಂತೂ ಮುಗಿಯುವುದೇ ಇಲ್ಲ. ಜೂನ್ ಮೂರನೇ ವಾರ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆ ಹೊತ್ತಿಗೆ. ಅದಾದ ಮೇಲೂ ಉತ್ತರದ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ. ಹನ್ನೊಂದು ಗಂಟೆಗೆ ಟಾರ್ಚ್ ಇಲ್ಲದೆ ಫ್ಲೈ ಕಟ್ಟಿದ್ದೇನೆ.

ಜುಲೈ, ಆಗಸ್ಟ್ ಮೊದಲ ಭಾಗ ಬೇಡ ಅನ್ನುತ್ತೇನೆ. ಬಿಸಿಲು ಬಂದರೆ ಮೀನು ಆಳಕ್ಕಿಳಿಯುತ್ತದೆ. ಜೊತೆಗೆ ನುಸಿ. ಅಲ್ಲಿನವರು ಮಿಜ್ ಅನ್ನುವ ಈ ನುಸಿ ಗಾಳಿ ನಿಂತ ತಕ್ಷಣ ಹೊಗೆಯ ಹಾಗೆ ಏಳುತ್ತದೆ, ಕಿವಿ, ರೆಪ್ಪೆ, ಕೂದಲ ಬುಡ ಒಂದನ್ನೂ ಬಿಡುವುದಿಲ್ಲ. ಗಾಳಿ ಗಂಟೆಗೆ 11 ಕಿಲೋಮೀಟರ್ ದಾಟಿದರೆ ಅದಕ್ಕೆ ಹಾರಲಾಗುವುದಿಲ್ಲ. ತಲೆಗೆ ಹಾಕುವ ಬಲೆ ಜೇಬಿನಲ್ಲಿರಲಿ.

ರಜೆ ಸಿಗುವುದೇ ಆಮೇಲೆ ಅನ್ನುವವರಿಗೆ ಸೆಪ್ಟೆಂಬರ್ ಒಳ್ಳೆಯದು. ಉದ್ದ ಕಾಲಿನ ಡ್ಯಾಡಿ ಲಾಂಗ್‌ಲೆಗ್ಸ್ ಹುಳಗಳು ಗಾಳಿಗೆ ನೀರಿನ ಮೇಲೆ ಬೀಳುತ್ತವೆ, ಮೀನು ಅವುಗಳ ಮೇಲೆ ಎರಗುತ್ತದೆ. ಮೊಟ್ಟೆಯಿಡುವ ಕಾಲ ಹತ್ತಿರವಾದ್ದರಿಂದ ಮೈಬಣ್ಣ ಬೆಣ್ಣೆಯಂಥ ಹಳದಿಗೆ ತಿರುಗಿರುತ್ತದೆ. ಆಗ ಸಿಕ್ಕಿದ್ದನ್ನು ನೀರಿಗೆ ಬಿಟ್ಟುಬಿಡಿ. ಆ ಹೊತ್ತಿಗೆ ಗುಡ್ಡಗಳಲ್ಲಿ ಜಿಂಕೆ ಬೇಟೆ ನಡೆಯುತ್ತಿರುತ್ತದೆ. ಎಲ್ಲಿಗೆ ಹೋಗುತ್ತೀರಿ ಅಂತ ಎಸ್ಟೇಟಿನವರಿಗೆ ಮೊದಲೇ ಹೇಳಬೇಕು.

ಅಪ್ಪಣೆ, ಭಾನುವಾರ, ಕಾಲುದಾರಿ

2003ರ ಲ್ಯಾಂಡ್ ರಿಫಾರ್ಮ್ ಕಾಯ್ದೆಯಿಂದ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಜವಾಬ್ದಾರಿಯಿಂದ ಯಾರು ಬೇಕಾದರೂ ನಡೆಯಬಹುದು, ಟೆಂಟ್ ಹಾಕಬಹುದು. ಆದರೆ ಮೀನು ಹಿಡಿಯುವುದು ಆ ಹಕ್ಕಿನಲ್ಲಿ ಸೇರಿಲ್ಲ. ಇಂಗ್ಲೆಂಡಿನ ಹಾಗೆ ಸರ್ಕಾರಿ ರಾಡ್ ಲೈಸೆನ್ಸ್ ಇಲ್ಲಿಲ್ಲ. ಆಯಾ ಲಾಖಿನ ಹಕ್ಕುದಾರರಿಂದ ಪರ್ಮಿಟ್ ತಗೊಳ್ಳಬೇಕು. ಎಷ್ಟೋ ಕಡೆ ಅದು ಊರಿನ ಅಂಗಡಿಯಲ್ಲೋ ಹೋಟೆಲಿನಲ್ಲೋ ಸಿಗುತ್ತದೆ. ಉತ್ತರ ಅಸಿಂಟ್ ಜಮೀನನ್ನು 1993ರಲ್ಲಿ ಅಲ್ಲಿನ ಸಣ್ಣ ರೈತರೇ ದುಡ್ಡು ಕೂಡಿಸಿ ಕೊಂಡುಕೊಂಡರು. ಅಸಿಂಟ್ ಕ್ರಾಫ್ಟರ್ಸ್ ಟ್ರಸ್ಟ್ ಅಂತ ಅವರ ಸಂಸ್ಥೆಯ ಹೆಸರು. ಅಲ್ಲಿನ ಲಾಖ್‌ಗಳ ಪರ್ಮಿಟ್ ಕೊಂಡರೆ ದುಡ್ಡು ಆ ಊರಿನವರಿಗೇ ಸೇರುತ್ತದೆ. ನನಗೆ ಅದರಲ್ಲಿ ಒಂದು ತೃಪ್ತಿಯಿದೆ.

ಭಾನುವಾರ ಸಾಲ್ಮನ್, ಸೀ ಟ್ರೌಟ್ ಹಿಡಿಯುವುದು ಕಾನೂನಿಗೆ ವಿರುದ್ಧ. ಬ್ರೌನ್ ಟ್ರೌಟ್‌ಗೆ ಆ ಕಾನೂನಿಲ್ಲ, ಆದರೂ ಕೆಲವು ಕಡೆ ಊರಿನವರು ಒಪ್ಪುವುದಿಲ್ಲ. ಪರ್ಮಿಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ.

ಹತ್ತಿರದ ಲಾಖೋ ದೂರದ್ದೋ ಅನ್ನುವವರಿಗೆ ಒಂದು ಲೆಕ್ಕ. ದಾರಿಯಿಲ್ಲದ ಕಡೆ ನಕಾಶೆಯ ಎರಡು ಕಿಲೋಮೀಟರ್‌ಗೆ ಒಂದು ಗಂಟೆ ಇಟ್ಟುಕೊಳ್ಳಿ. ಜೌಗು, ಬಂಡೆ, ಮೊಣಕಾಲೆತ್ತರದ ಹೆದರ್. ಮಂಜು ಕವಿದರೆ ದಿಕ್ಕೂ ತಿಳಿಯುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ. ದಿಕ್ಸೂಚಿ ಇರಲಿ, ವಾಪಸ್ ಬರುವ ಹೊತ್ತನ್ನು ಯಾರಿಗಾದರೂ ಹೇಳಿ ಹೋಗಿ. ದಾರಿಯೂ ಇರಬೇಕು, ದೂರವೂ ಆಗಬೇಕು ಅಂದರೆ ಲಾಖಿನ್ವರ್‌ನಿಂದ ಸೂಲ್ವೆನ್ ಬೆಟ್ಟದ ಕಡೆಗಿನ ಹಾದಿ ಹಿಡಿಯಿರಿ. ಎರಡು ಗಂಟೆ ನಡೆದರೆ ಸೂಲೆಗ್ ಬಾತಿ ಸಿಗುತ್ತದೆ. ಬಾತಿ ಅಂದರೆ ಬೀಗವಿಲ್ಲದ, ಬಾಡಿಗೆಯಿಲ್ಲದ ಕಲ್ಲು ಮನೆ. 1965ರಲ್ಲಿ ಶುರುವಾದ ಮೌಂಟನ್ ಬಾತೀಸ್ ಅಸೋಸಿಯೇಷನ್ ನೋಡಿಕೊಳ್ಳುತ್ತದೆ. ಕರೆಂಟಿಲ್ಲ, ನಲ್ಲಿಯಿಲ್ಲ. ಅಲ್ಲಿ ರಾತ್ರಿ ಉಳಿದರೆ ಸಂಜೆ, ಬೆಳಿಗ್ಗೆ ಎರಡೂ ಹೊತ್ತು ಲಾಖ್ ಕೈಯಳತೆಯಲ್ಲಿ.

ಸಂಜೆ ಮೈ ನೋಡಿಕೊಳ್ಳುವುದು ಮರೆಯಬೇಡಿ. ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಉಣುಗು ಲೈಮ್ ಕಾಯಿಲೆ ತರುತ್ತದೆ. ಚಿಮಟ ಜೊತೆಗಿರಲಿ.

ಪೀಟ್ ಲಾಖಿನಲ್ಲಿ ಊಟಕ್ಕೆ ಎರಡು ಮೀನು ಇಟ್ಟುಕೊಂಡರೆ ತಪ್ಪೇನಿಲ್ಲ, ಪರ್ಮಿಟ್ ಒಪ್ಪಿದರೆ. ಅಲ್ಲಿನವರ ಹಾಗೆ ಓಟ್ಸ್ ತರಿಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕಾಯಿಸಿ. ಉಪ್ಪು ಬಿಟ್ಟು ಬೇರೇನೂ ಬೇಡ. ಬಿಡುವ ಮೀನಿಗಾಗಿ ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಲ್ಲಿ ಅಮುಕಿಬಿಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ನೀರಿನಲ್ಲೇ ತಲೆ ಮುಂದೆ ಮಾಡಿ ಹಿಡಿದುಕೊಳ್ಳಿ. ತಾನಾಗಿ ಬಾಲ ಬಡಿದಾಗ ಕೈ ಸಡಿಲಿಸಿ.

ಇನ್ನು ರಾಡ್. ಹತ್ತು ಅಡಿಯದು, 5 ಅಥವಾ 6ನೇ ನಂಬರಿನ ತೇಲುವ ಲೈನಿಗೆ ಹೊಂದುವಂಥದ್ದು. ಒಂಬತ್ತು ಅಡಿಯದು ಮನೆಯಲ್ಲಿದ್ದರೆ ಅದೇ ಆಗುತ್ತದೆ, ಬಾಬ್ ಫ್ಲೈ ಕುಣಿಸಲು ಉದ್ದ ಚೂರು ಕಮ್ಮಿ, ಅಷ್ಟೇ. ನಾಲ್ಕು ತುಂಡಾಗಿ ಚೀಲದಲ್ಲಿ ಕೂರಬೇಕು, ಯಾಕೆಂದರೆ ಗುಡ್ಡ ಹತ್ತುವಾಗ ಎರಡೂ ಕೈ ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಮಳೆ ಕೋಟು ತಗೊಳ್ಳಿ.